ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್: ರಸ್ತೆ ಪರೀಕ್ಷೆ ಮತ್ತು ಗೇರ್‌ಬಾಕ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋದಾಗಲೆಲ್ಲ ಬಾನೆಟ್ ಸುತ್ತ ಜನ ಸೇರುತ್ತಾರೆ. ಬಣ್ಣ, ಬೆಲೆ, ಮೈಲೇಜ್ ಮಾತು ಮುಗಿದ ಮೇಲೆ ಒಂದಿಬ್ಬರು ಉಳಿದುಕೊಂಡು ಗೇರ್‌ಬಾಕ್ಸಿನ ವಿಷಯ ಎತ್ತುತ್ತಾರೆ. ಅಂಥವರು ಎದುರು ನಿಂತು ಕೇಳಿದ್ದು, ಆಮೇಲೆ ಪತ್ರ ಬರೆದು ಕೇಳಿದ್ದು, ಎರಡನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಪರಿಚಯ

ಸಿಲ್ವರ್ ಘೋಸ್ಟ್ ಅನ್ನೋದು ಒಂದು ಕಾರಿನ ಹೆಸರೋ, ಆ ಮಾದರಿಯ ಎಲ್ಲ ಕಾರುಗಳ ಹೆಸರೋ?

ಮೊದಲಿಗೆ ಅದು ಒಂದೇ ಒಂದು ಕಾರಿನ ಹೆಸರು. ರೋಲ್ಸ್-ರಾಯ್ಸ್ ಕಂಪನಿ 1906ರ ಕೊನೆಯಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಆರು ಸಿಲಿಂಡರಿನ ಹೊಸ ಮಾದರಿಯೊಂದನ್ನು ತೋರಿಸಿತು. ಅದರ ಅಧಿಕೃತ ಹೆಸರು 40/50 ಎಚ್.ಪಿ. ಎಂದಷ್ಟೇ. ಮರುವರ್ಷ ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಕ್ಲಾಡ್ ಜಾನ್ಸನ್ 60551 ಸಂಖ್ಯೆಯ ಚಾಸಿಗೆ (ಬಾಡಿ ಕೂರಿಸದ ಕಾರಿಗೆ) ಬಾರ್ಕರ್ ಕಂಪನಿಯಿಂದ ತೆರೆದ ಬಾಡಿ ಕಟ್ಟಿಸಿ, ಬೆಳ್ಳಿ ಬಣ್ಣ ಬಳಿಸಿ, ಆ ಹೆಸರಿನ ಫಲಕ ಹಾಕಿಸಿದರು. ಅದರ ನೋಂದಣಿ ನಂಬರ್ ಎಎಕ್ಸ್ 201. ಸದ್ದಿಲ್ಲದೆ ಬರುತ್ತದೆ, ಸದ್ದಿಲ್ಲದೆ ಹೋಗುತ್ತದೆ ಎಂಬುದೇ ಹೆಸರಿನ ಅರ್ಥ. 1925ರಲ್ಲಿ ಕಂಪನಿಯ ಮುಂದಿನ ಮಾದರಿ ಫ್ಯಾಂಟಮ್ ಬಂದ ಮೇಲೆ, ಹಳೆಯ ಮಾದರಿಯನ್ನು ಬೇರೆ ಮಾಡಿ ಹೇಳಲು ಎಲ್ಲ 40/50 ಕಾರುಗಳನ್ನೂ ಹೀಗೇ ಕರೆಯುವ ರೂಢಿ ಗಟ್ಟಿಯಾಯಿತು.

ಆ ಕಾಲದಲ್ಲಿ ರಸ್ತೆ ಪರೀಕ್ಷೆ ಅಂದ್ರೆ ಏನು ಮಾಡ್ತಿದ್ರು? ನಾಲ್ಕು ಸುತ್ತು ಓಡಿಸಿ ನೋಡಿದ್ರೆ ಸಾಕಿತ್ತಲ್ವಾ?

ಸಾಲುತ್ತಿರಲಿಲ್ಲ. 1907ರಲ್ಲಿ ಮೋಟಾರು ಕಾರು ಅಂದರೆ ದಾರಿಯಲ್ಲಿ ಕೈಕೊಡುವ ವಸ್ತು ಎಂದೇ ಜನ ನಂಬಿದ್ದರು. ಆ ನಂಬಿಕೆಯನ್ನು ಮುರಿಯಲು ಮೂರನೆಯವರ ಕಣ್ಣಿನ ಮುಂದೆಯೇ ಓಡಿಸಿ ತೋರಿಸಬೇಕಿತ್ತು. ಹಾಗಾಗಿ ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ವೀಕ್ಷಕರನ್ನು ಕಾರಿನಲ್ಲೇ ಕೂರಿಸಿಕೊಂಡು ಎಎಕ್ಸ್ 201 ಹೊರಟಿತು. ಸ್ಕಾಟ್ಲೆಂಡಿನ ಬೆಟ್ಟದ ರಸ್ತೆಗಳ ಸ್ಪರ್ಧೆಯನ್ನು ಮುಗಿಸಿ, ಆಮೇಲೆ ಲಂಡನ್ ಮತ್ತು ಗ್ಲಾಸ್ಗೋ ನಡುವೆ ಭಾನುವಾರ ಬಿಟ್ಟು ಹಗಲೂ ರಾತ್ರಿ ಓಡಿತು. ಸ್ಟಿಯರಿಂಗ್ ಹಿಡಿದವರಲ್ಲಿ ಚಾರ್ಲ್ಸ್ ರೋಲ್ಸ್, ಕ್ಲಾಡ್ ಜಾನ್ಸನ್, ಎರಿಕ್ ಪ್ಲಾಟ್‌ಫೋರ್ಡ್ ಇದ್ದರು.

ಆರಂಭದಲ್ಲೇ, 629 ಮೈಲಿ ಆಗಿದ್ದಾಗ, ಪೆಟ್ರೋಲ್ ಕೊಳವೆಯ ನಲ್ಲಿ ಅದುರಿ ತಾನಾಗಿ ಮುಚ್ಚಿಕೊಂಡು ಕಾರು ನಿಂತಿತು. ನಲ್ಲಿ ತಿರುಗಿಸಿ ಮತ್ತೆ ಹೊರಟಿತು. ಅಲ್ಲಿಂದ 14,371 ಮೈಲಿ, ಅಂದರೆ 23,000 ಕಿಲೋಮೀಟರಿಗೂ ಹೆಚ್ಚು, ಯಂತ್ರದ ದೋಷದಿಂದ ಒಮ್ಮೆಯೂ ನಿಲ್ಲಲಿಲ್ಲ. ಟಯರ್ ಪಂಕ್ಚರಿಗೆ ನಿಂತದ್ದನ್ನು ಆ ಲೆಕ್ಕಕ್ಕೆ ಹಿಡಿದಿಲ್ಲ. ಇದನ್ನು ಮುಚ್ಚಿಟ್ಟು ಹೇಳುವವರಿದ್ದಾರೆ, ಹಾಗೆ ಹೇಳುವ ಅಗತ್ಯವೇ ಇಲ್ಲ. ಆಗಿನ ಟಯರುಗಳು, ಆಗಿನ ರಸ್ತೆಗಳು, ಲಾಳದ ಮೊಳೆಗಳು ಇವನ್ನೆಲ್ಲ ನೆನೆದರೆ ಆ ವಿನಾಯಿತಿ ನ್ಯಾಯವಾದದ್ದೇ.

ನನಗೆ ಓಟಕ್ಕಿಂತ ದೊಡ್ಡದಾಗಿ ಕಾಣುವುದು ಓಟ ಮುಗಿದ ಮೇಲಿನ ಕೆಲಸ. 15,000 ಮೈಲಿ ಆದ ಮೇಲೆ ಕ್ಲಬ್ಬಿನ ಎಂಜಿನಿಯರುಗಳು ಇಡೀ ಕಾರನ್ನು ಬಿಚ್ಚಿ ಒಂದೊಂದು ಭಾಗವನ್ನೂ ಅಳತೆ ಮಾಡಿದರು. ಎಂಜಿನ್ನಿನಲ್ಲಾಗಲಿ ಗೇರ್‌ಬಾಕ್ಸಿನಲ್ಲಾಗಲಿ ಹೇಳಿಕೊಳ್ಳುವಂಥ ಸವೆತ ಇರಲಿಲ್ಲ. ಸ್ಟಿಯರಿಂಗಿನ ಕೆಲವು ಕೀಲುಗಳಲ್ಲಿ ಕೂದಲೆಳೆಯಷ್ಟು ಸವೆತ ಕಂಡಿತ್ತು. ಕಾರನ್ನು ಮತ್ತೆ ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳ ಬೆಲೆ 2 ಪೌಂಡ್ 2 ಷಿಲಿಂಗ್ 7 ಪೆನ್ಸ್. ತಮ್ಮ ಕಾರನ್ನು ಬೇರೆಯವರ ಕೈಗೆ ಕೊಟ್ಟು, ಬಿಚ್ಚಿ ನೋಡಿ ಎನ್ನುವ ಧೈರ್ಯ ಇವತ್ತಿಗೂ ಅಪರೂಪ.

ನಮ್ಮ ದೇಶದ ರಸ್ತೆಯಲ್ಲಿ ಇಂಥ ಪರೀಕ್ಷೆ ನಡೆದಿತ್ತಾ?

ನಡೆದಿತ್ತು. 1908ರಲ್ಲಿ ಬಾಂಬೆಯಿಂದ ಕೊಲ್ಹಾಪುರಕ್ಕೆ ಹೋಗಿ ಬರುವ ಸುಮಾರು 620 ಮೈಲಿಯ ಸ್ಪರ್ಧೆಯಲ್ಲಿ ಒಂದು 40/50 ಓಡಿತು. ಪಶ್ಚಿಮ ಘಟ್ಟದ ಏರುಗಳು ದಾರಿಯಲ್ಲೇ ಬರುತ್ತವೆ. ‘ಪರ್ಲ್ ಆಫ್ ದಿ ಈಸ್ಟ್’ ಎಂದು ಹೆಸರಾದ ಆ ಕಾರನ್ನು ಗ್ವಾಲಿಯರ್ ಮಹಾರಾಜರು ಕೊಂಡರು. ನಮ್ಮ ಸಂಸ್ಥಾನಗಳು ಈ ಕಾರುಗಳಿಗೆ ಮುಗಿಬಿದ್ದದ್ದು ಬರೀ ಮೆರವಣಿಗೆಯ ಆಸೆಯಿಂದಲ್ಲ. ಧೂಳು, ಬಿಸಿಲು, ಘಾಟಿ ಮೂರನ್ನೂ ತಡೆದುಕೊಳ್ಳುತ್ತದೆ ಎಂಬುದು ಕಣ್ಣಾರೆ ಗೊತ್ತಾಗಿತ್ತು. ಮೈಸೂರು ಅರಮನೆಯಲ್ಲೂ ರೋಲ್ಸ್-ರಾಯ್ಸ್ ಕಾರುಗಳಿದ್ದದ್ದು ಹಳೆ ಮೈಸೂರಿನವರಿಗೆ ಹೇಳಬೇಕಾಗಿಲ್ಲ.

## ಗೇರ್‌ಬಾಕ್ಸಿನ ಕಥೆ

ಮೊದಲು ನಾಲ್ಕು ಗೇರ್ ಇತ್ತಂತೆ, ಆಮೇಲೆ ಮೂರು ಮಾಡಿದ್ರಂತೆ, ಮತ್ತೆ ನಾಲ್ಕು ಹಾಕಿದ್ರಂತೆ. ಇಷ್ಟು ದೊಡ್ಡ ಕಂಪನಿಗೆ ಯಾಕೆ ಈ ಗೊಂದಲ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಉತ್ತರ ಸ್ವಲ್ಪ ಉದ್ದ.

1907ರ ಕಾರಿಗೆ ನಾಲ್ಕು ಗೇರ್ ಇತ್ತು. ಮೂರನೆಯದು ನೇರ ಗೇರ್, ಎಂಜಿನ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಒಂದು ಸುತ್ತು. ನಾಲ್ಕನೆಯದು ಓವರ್‌ಡ್ರೈವ್, ಎಂಜಿನ್ನಿಗಿಂತ ಶಾಫ್ಟ್ ವೇಗವಾಗಿ ತಿರುಗುತ್ತದೆ. ಸಮತಟ್ಟಾದ ಉದ್ದ ರಸ್ತೆಯಲ್ಲಿ ಎಂಜಿನ್ ನಿಧಾನವಾಗಿದ್ದೂ ಕಾರು ವೇಗವಾಗಿ ಹೋಗಲು ಇದು ಒಳ್ಳೆಯ ಉಪಾಯ. ಆದರೆ ಓವರ್‌ಡ್ರೈವಿನಲ್ಲಿ ಹಲ್ಲುಗಳ ಮೇಲೆ ಭಾರ ಬೀಳುವುದರಿಂದ ಸಣ್ಣ ಗುಂಯ್ ಎನ್ನುವ ಸದ್ದು ಬರುತ್ತದೆ. ಸದ್ದಿಲ್ಲದ ಕಾರು ಎಂದು ಹೆಸರು ಮಾಡಿದ್ದಕ್ಕೆ ಅತ್ಯಂತ ಹೆಚ್ಚು ಬಳಸುವ ಗೇರಿನಲ್ಲೇ ಸದ್ದು ಬಂದರೆ ಹೇಗೆ? 1909ರಲ್ಲಿ ಅದನ್ನು ತೆಗೆದುಹಾಕಿ, ಮೂರೇ ಗೇರಿನ, ಟಾಪ್ ಗೇರ್ ನೇರವಾಗಿರುವ ಪೆಟ್ಟಿಗೆ ಕೊಟ್ಟರು. ಸುಮಾರು ಅದೇ ಹೊತ್ತಿಗೆ ಎಂಜಿನ್ 7,036 ಸಿಸಿಯಿಂದ 7,428 ಸಿಸಿಗೆ ಏರಿತು. ಅಷ್ಟು ಸೆಳೆತವಿರುವ ಎಂಜಿನ್ನಿಗೆ ಗೇರ್ ಬದಲಿಸುವ ಕೆಲಸವೇ ಕಡಿಮೆ, ಮೂರು ಸಾಕು ಎಂಬುದು ಲೆಕ್ಕಾಚಾರ. ಇಂಗ್ಲೆಂಡಿನ ಗುಡ್ಡಗಳಲ್ಲಿ ಆ ಲೆಕ್ಕ ಸರಿಯಾಗಿಯೇ ಇತ್ತು.

1912ರಲ್ಲಿ ಜೇಮ್ಸ್ ರಾಡ್ಲಿ ಎಂಬವರು ತಮ್ಮ ಸ್ವಂತ ಸಿಲ್ವರ್ ಘೋಸ್ಟನ್ನು ಆಸ್ಟ್ರಿಯಾದ ಆಲ್ಪ್ಸ್ ಸ್ಪರ್ಧೆಗೆ ಒಯ್ದರು. ಕಾಟ್ಷ್‌ಬರ್ಗ್ ಕಣಿವೆಮಾರ್ಗದ ಏರು, ಕೆಲವು ಕಡೆ ಸುಮಾರು ನಾಲ್ಕಡಿ ಮುಂದೆ ಹೋದರೆ ಒಂದಡಿ ಮೇಲೇರುವಷ್ಟು ಕಡಿದು. ಅಲ್ಲಿ ಕಾರು ನಿಂತುಬಿಟ್ಟಿತು. ಒಂದನೇ ಗೇರಿನಲ್ಲೂ ಮೇಲೇಳಲಿಲ್ಲ. ಕೊನೆಗೆ ಜೊತೆಗಿದ್ದವರನ್ನು ಇಳಿಸಿ, ಭಾರ ಕಡಿಮೆ ಮಾಡಿ ಹತ್ತಿಸಬೇಕಾಯಿತು. ಎಂಜಿನ್ನಿಗೆ ಶಕ್ತಿ ಸಾಲದೆ ಹೀಗಾದದ್ದಲ್ಲ. ಮೂರು ಗೇರಿನ ಪೆಟ್ಟಿಗೆಯಲ್ಲಿ ಒಂದನೇ ಗೇರ್ ಬೇಕಾದಷ್ಟು ‘ಲೋ’ ಇರಲಿಲ್ಲ, ಅಂದರೆ ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವಂತಿರಲಿಲ್ಲ. ಕೆಳಗಿನ ಗೇರನ್ನು ಇನ್ನೂ ಇಳಿಸಿದರೆ ಒಂದಕ್ಕೂ ಎರಡಕ್ಕೂ ನಡುವೆ ದೊಡ್ಡ ಕಂದಕ ಬೀಳುತ್ತದೆ. ಆ ಕಂದಕ ತುಂಬಲು ಇನ್ನೊಂದು ಗೇರ್ ಬೇಕೇ ಬೇಕು.

ಕಂಪನಿ ಇದನ್ನು ಅವಮಾನವೆಂದು ಮುಚ್ಚಿಡಲಿಲ್ಲ. 1913ಕ್ಕೆ ನಾಲ್ಕು ಗೇರಿನ ಹೊಸ ಪೆಟ್ಟಿಗೆ ಸಿದ್ಧವಾಯಿತು. ಈ ಸಲ ನಾಲ್ಕನೆಯದೇ ನೇರ ಗೇರ್, ಹಾಗಾಗಿ ಟಾಪಿನಲ್ಲಿ ಸದ್ದಿಲ್ಲ, ಕೆಳಗೆ ಘಾಟಿಗೆ ತಕ್ಕ ಲೋ ಗೇರ್ ಕೂಡ ಇದೆ. ರೇಡಿಯೇಟರ್ ದೊಡ್ಡದಾಯಿತು, ಕಾರ್ಬ್ಯುರೇಟರ್ ಬದಲಾಯಿತು. ಅರ್ನೆಸ್ಟ್ ಹೈವ್ಸ್ ಸೇರಿದಂತೆ ಕಂಪನಿಯ ಮೂವರು ಚಾಲಕರೂ ಜೊತೆಗೆ ರಾಡ್ಲಿಯೂ ಅದೇ ಆಲ್ಪ್ಸ್‌ಗೆ ವಾಪಸು ಹೋದರು, ಏರುಗಳಲ್ಲಿ ಎಲ್ಲರನ್ನೂ ಹಿಂದೆ ಹಾಕಿದರು. ಆ ಕಾರುಗಳ ಮಾದರಿಯನ್ನೇ ಈಗ ‘ಆಲ್ಪೈನ್ ಈಗಲ್’ ಎನ್ನುವುದು.

ಇನ್ನೂ ಒಂದು ಮಾತು. 1922ರಲ್ಲಿ ಅದೇ ಕಂಪನಿ ಚಿಕ್ಕ ಕಾರು, 20 ಎಚ್.ಪಿ., ತಂದಾಗ ಮತ್ತೆ ಮೂರೇ ಗೇರ್ ಇಟ್ಟಿತು. 1925ರಲ್ಲಿ ಮತ್ತೆ ನಾಲ್ಕಕ್ಕೆ ಬಂತು. ಕಲಿತ ಪಾಠವನ್ನು ಎರಡನೇ ಸಲ ಕಲಿಯಬೇಕಾದ ಸಂದರ್ಭ ಎಲ್ಲರಿಗೂ ಬರುತ್ತದೆ.

ನೇರ ಗೇರ್‌ನಲ್ಲಿ ಮಾತ್ರ ಯಾಕೆ ಸದ್ದು ಬರಲ್ಲ?

ಉಳಿದ ಗೇರುಗಳಲ್ಲಿ ಎಂಜಿನ್ನಿನ ಶಕ್ತಿ ಮೊದಲು ಒಂದು ಜೋಡಿ ಹಲ್ಲುಚಕ್ರದ ಮೂಲಕ ಕೆಳಗಿನ ಲೇ ಶಾಫ್ಟಿಗೆ ಇಳಿಯುತ್ತದೆ, ಅಲ್ಲಿಂದ ಇನ್ನೊಂದು ಜೋಡಿಯ ಮೂಲಕ ಮೇಲಿನ ಮೇನ್ ಶಾಫ್ಟಿಗೆ ಏರುತ್ತದೆ. ಎರಡು ಕಡೆ ಹಲ್ಲಿಗೆ ಹಲ್ಲು ತಗುಲಬೇಕು. ಆ ಕಾಲದ ಹಲ್ಲುಗಳು ಓರೆಯಾಗಿಲ್ಲದೆ ನೇರಕ್ಕೆ ಕಡಿದವು, ಹಾಗಾಗಿ ಸದ್ದು ಜಾಸ್ತಿ. ನೇರ ಗೇರಿನಲ್ಲಿ ಎರಡು ಶಾಫ್ಟುಗಳು ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಕೊಂಡು ಒಟ್ಟಿಗೆ ತಿರುಗುತ್ತವೆ. ಲೇ ಶಾಫ್ಟ್ ಸುಮ್ಮನೆ ಸುತ್ತುತ್ತದೆ, ಅದರ ಮೇಲೆ ಭಾರವಿಲ್ಲ.

ಲಂಡನ್‌ನಿಂದ ಎಡಿನ್‌ಬರೋಗೆ ಟಾಪ್ ಗೇರ್‌ನಲ್ಲೇ ಹೋಗಿ ಬಂದ್ರಂತೆ. ಇದು ಜಾಹೀರಾತಿನ ಕಥೆ ತಾನೇ?

ಕಥೆಯಲ್ಲ, ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಕಣ್ಗಾವಲಿನಲ್ಲೇ ನಡೆದದ್ದು. 1911ರಲ್ಲಿ ಎದುರಾಳಿ ನೇಪಿಯರ್ ಕಂಪನಿಯ ಕಾರು ಟಾಪ್ ಗೇರ್ ಒಂದರಲ್ಲೇ ಲಂಡನ್ನಿನಿಂದ ಎಡಿನ್‌ಬರೋಗೆ ಹೋಗಿತ್ತು. ಗ್ಯಾಲನ್ನಿಗೆ 19.35 ಮೈಲಿ ಕೊಟ್ಟು, ಆಮೇಲೆ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ 76.42 ಮೈಲಿ ಓಡಿತ್ತು. ರೋಲ್ಸ್-ರಾಯ್ಸ್ ಅದಕ್ಕೆ ಪ್ರಯೋಗಕ್ಕೆಂದೇ ಸಿದ್ಧಪಡಿಸಿದ 1701 ಸಂಖ್ಯೆಯ ಚಾಸಿಯಿಂದ ಉತ್ತರ ಕೊಟ್ಟಿತು. ಸ್ಟಿಯರಿಂಗಿನಲ್ಲಿ ಹೈವ್ಸ್. ಮೈಲೇಜ್ 24.32, ನಮ್ಮ ಲೆಕ್ಕದಲ್ಲಿ ಲೀಟರಿಗೆ 8.6 ಕಿಲೋಮೀಟರ್. ಬ್ರೂಕ್‌ಲ್ಯಾಂಡ್ಸ್ ವೇಗ ಗಂಟೆಗೆ 78.26 ಮೈಲಿ. ಆಮೇಲೆ ಅದೇ ಮಾದರಿಯ ಚಾಸಿಗೆ ಒಬ್ಬನೇ ಕೂರುವ ಹಗುರ ಬಾಡಿ ಹಾಕಿ 101.8 ಮೈಲಿ ಮುಟ್ಟಿದರು.

ಟಾಪ್ ಗೇರಿನಲ್ಲೇ ಹೋಗುವುದರಲ್ಲಿ ಪರೀಕ್ಷೆ ಯಾವುದರದ್ದು ಎಂದು ಹಲವರು ಕೇಳುತ್ತಾರೆ. ಎಂಜಿನ್ ಮತ್ತು ಕ್ಲಚ್ ಎರಡರದ್ದೂ. ಊರೊಳಗೆ ನಡೆದು ಹೋಗುವವರ ವೇಗಕ್ಕೆ ಇಳಿದರೂ ಎಂಜಿನ್ ಕುಲುಕದೆ ಎಳೆಯಬೇಕು, ಹೊರಡುವಾಗ ಕ್ಲಚ್ ಸುಡದೆ ಹಿಡಿಯಬೇಕು. ಗೇರ್‌ಬಾಕ್ಸಿನ ಮಟ್ಟಿಗೆ ಇದು ಪರೀಕ್ಷೆಯೇ ಅಲ್ಲ ಎಂದು ನಾನು ಹೇಳುತ್ತೇನೆ. ಮರುವರ್ಷ ಕಾಟ್ಷ್‌ಬರ್ಗ್ ಏರಿನಲ್ಲಿ ಆದದ್ದನ್ನು ನೋಡಿದರೆ ಈ ಎರಡು ಪರೀಕ್ಷೆಗಳ ವ್ಯತ್ಯಾಸ ಗೊತ್ತಾಗುತ್ತದೆ.

ಇಎಕ್ಸ್ ಅಂತ ನಂಬರ್ ಇರೋ ಕಾರುಗಳು ಯಾವುವು? ಅವನ್ನ ಎಲ್ಲಿ ಓಡಿಸಿ ನೋಡ್ತಿದ್ರು?

ಪ್ರಯೋಗ ವಿಭಾಗದ ಕಾರುಗಳಿಗೆ 10ಇಎಕ್ಸ್, 16ಇಎಕ್ಸ್ ಹೀಗೆ ಸಂಖ್ಯೆ ಕೊಡುತ್ತಿದ್ದರು. ಕಾರ್ಖಾನೆ ಇದ್ದದ್ದು ಇಂಗ್ಲೆಂಡಿನ ಡರ್ಬಿಯಲ್ಲಿ. ಆದರೆ ಬ್ರಿಟನ್ನಿನ ರಸ್ತೆಗಳಲ್ಲಿ 1903ರ ಕಾನೂನಿನಂತೆ ಗಂಟೆಗೆ 20 ಮೈಲಿಯ ಮಿತಿ ಇತ್ತು, 1930ರ ಕಾನೂನು ಬರುವವರೆಗೂ ಅದು ಹೋಗಲಿಲ್ಲ. ಹಾಗಾಗಿ ಫ್ರಾನ್ಸಿನ ನಡುಭಾಗದ ಶಾತೊರೂ ಪಟ್ಟಣದಲ್ಲಿ ಒಂದು ನೆಲೆ ಮಾಡಿಕೊಂಡು, ಅಲ್ಲಿನ ನೇರ ರಸ್ತೆಗಳಲ್ಲಿ ಹತ್ತು ಸಾವಿರ ಮೈಲಿಗಳ ಓಟ ಓಡಿಸುತ್ತಿದ್ದರು. ಓಡಿಸಿ, ಮುರಿದದ್ದನ್ನು ಬರೆದುಕೊಂಡು, ಬಿಚ್ಚಿ, ಡರ್ಬಿಗೆ ವರದಿ ಕಳಿಸುವುದು ಕ್ರಮ.

ಕಂಪನಿಯ ಸ್ಥಾಪಕರಲ್ಲೊಬ್ಬರೂ ಕಾರುಗಳ ವಿನ್ಯಾಸಕಾರರೂ ಆದ ಹೆನ್ರಿ ರಾಯ್ಸ್ ಕಾಯಿಲೆ ಬಿದ್ದ ಮೇಲೆ ಕಾರ್ಖಾನೆಯಿಂದ ದೂರವೇ ಇದ್ದರು. ಚಳಿಗಾಲ ದಕ್ಷಿಣ ಫ್ರಾನ್ಸಿನ ಲೆ ಕನಡೆಲ್, ಬೇಸಿಗೆ ಇಂಗ್ಲೆಂಡಿನ ವೆಸ್ಟ್ ವಿಟರಿಂಗ್. ಪ್ರಯೋಗದ ಕಾರುಗಳು ಅವರ ಮನೆಬಾಗಿಲಿಗೆ ಹೋಗುತ್ತಿದ್ದವು. ಗುಟ್ಟಿಗಾಗಿ ಸುಳ್ಳು ಹೆಸರುಗಳೂ ಇದ್ದವು. ಮೊದಲನೇ ಫ್ಯಾಂಟಮ್ ಸಿದ್ಧವಾಗುವಾಗ ಅದನ್ನು ‘ಪೂರ್ವದ ಕವಚದ ಕಾರು’ ಎಂಬರ್ಥದ ಇಎಸಿ ಎಂಬ ಹೆಸರಿನಲ್ಲಿ ಕರೆದು, ನೋಡಿದವರು ನಂಬಲಿ ಎಂದು ಕಾರ್ಖಾನೆಯಲ್ಲಿ ಉಕ್ಕಿನ ಹಲಗೆಗಳನ್ನೂ ಇಟ್ಟಿದ್ದರು. ಆ ಸಾಲಿನ ವೇಗದ ಪ್ರಯೋಗದ ಕಾರು 17ಇಎಕ್ಸ್ ಕಾಶ್ಮೀರದ ಮಹಾರಾಜ ಹರಿ ಸಿಂಗರ ಪಾಲಾಯಿತು.

ಬ್ರೇಕನ್ನ ಗೇರ್‌ಬಾಕ್ಸ್ ಓಡಿಸುತ್ತೆ ಅಂದ್ರು ಒಬ್ಬರು. ಹಾಗಂದ್ರೇನು?

ಅವರು ಹೇಳಿದ್ದು ನಿಜ. 1924ರ ಹೊತ್ತಿಗೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಬಂದಾಗ ಕಾಲಿನ ಬಲವೊಂದೇ ಸಾಲುತ್ತಿರಲಿಲ್ಲ. ಹಿಸ್ಪಾನೊ-ಸುಯಿಜಾ ಕಂಪನಿಯ ಉಪಾಯವನ್ನು ಅನುಮತಿ ಪಡೆದು ತಂದರು. ಗೇರ್‌ಬಾಕ್ಸಿನ ಪಕ್ಕದಲ್ಲಿ ಒಂದು ತಟ್ಟೆ, ಕಾರು ಓಡಿದಂತೆ ನಿಧಾನಕ್ಕೆ ತಿರುಗುತ್ತಿರುತ್ತದೆ. ಪೆಡಲ್ ಒತ್ತಿದರೆ ಲೈನಿಂಗ್ ಆ ತಟ್ಟೆಗೆ ಅಂಟಿಕೊಂಡು, ತಿರುಗುವ ಬಲವೇ ಬ್ರೇಕಿನ ರಾಡುಗಳನ್ನು ಎಳೆಯುತ್ತದೆ. ಕಾರು ತೆವಳುವಷ್ಟು ನಿಧಾನವಾಗಿದ್ದರೆ ಸಹಾಯ ತಡವಾಗಿ ಸಿಗುತ್ತದೆ, ಟ್ರಾಫಿಕ್ಕಿನಲ್ಲಿ ಓಡಿಸುವವರು ಇದನ್ನು ನೆನಪಿಡಬೇಕು. ಈ ಏರ್ಪಾಡು ಕಂಪನಿಯ ಮುಖ್ಯ ಮಾದರಿಗಳಲ್ಲಿ 1965ರಲ್ಲಿ ಸಿಲ್ವರ್ ಶಾಡೋ ಕಾರು ಬರುವವರೆಗೂ ನಡೆಯಿತು.

## ಸ್ಟಿಯರಿಂಗ್ ಹಿಡಿಯುವವರಿಗೆ

ಡಬಲ್ ಕ್ಲಚ್ ಅಂದ್ರೆ ಎರಡು ಸಲ ಕ್ಲಚ್ ಒತ್ತೋದು ಅಂತ ಗೊತ್ತು. ಯಾಕೆ ಒತ್ತಬೇಕು ಅಂತ ಯಾರೂ ಹೇಳಲ್ಲ.

ಲೆಕ್ಕ ಹಾಕಿ ನೋಡೋಣ. ಟಾಪ್ ಗೇರಿನಲ್ಲಿ ಹೋಗುತ್ತಿದ್ದೀರಿ, ಎಂಜಿನ್ ನಿಮಿಷಕ್ಕೆ 1,000 ಸುತ್ತು. ಮೂರನೇ ಗೇರಿನ ಅನುಪಾತ ಒಂದೂವರೆ ಎಂದಿಟ್ಟುಕೊಳ್ಳಿ. ಅದೇ ವೇಗದಲ್ಲಿ ಮೂರಕ್ಕೆ ಇಳಿದರೆ ಎಂಜಿನ್ ಮತ್ತು ಲೇ ಶಾಫ್ಟ್ ಒಂದೂವರೆ ಪಟ್ಟು ಜೋರಾಗಿ ತಿರುಗಬೇಕು, ಎಂಜಿನ್ ಮಟ್ಟಿಗೆ 1,500. ಬರೀ ಒಂದು ಸಲ ಕ್ಲಚ್ ಒತ್ತಿ ತಳ್ಳಿದರೆ ಲೇ ಶಾಫ್ಟ್ ಇನ್ನೂ ಹಳೆಯ ವೇಗದಲ್ಲೇ ಇರುತ್ತದೆ, ಹಲ್ಲು ಹಲ್ಲಿಗೆ ಕಚ್ಚದೆ ಕಿರ್ರೆನ್ನುತ್ತದೆ. ಅದಕ್ಕೇ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ಎಕ್ಸಲೇಟರ್, ಲೇ ಶಾಫ್ಟ್ ಬೇಕಾದ ವೇಗಕ್ಕೆ ಏರುತ್ತದೆ, ಮತ್ತೆ ಕ್ಲಚ್ ಒತ್ತಿ ಗೇರ್. ಮೇಲೇರುವಾಗ ಇದರ ತಿರುಗುಮುರುಗು, ಎಂಜಿನ್ ಇಳಿಯುವವರೆಗೆ ನ್ಯೂಟ್ರಲ್ಲಿನಲ್ಲಿ ಕಾಯಬೇಕು. ದೊಡ್ಡ ಫ್ಲೈವೀಲಿನ ಎಂಜಿನ್ ನಿಧಾನವಾಗಿ ಇಳಿಯುತ್ತದೆ, ಅವಸರ ಮಾಡಿದರೆ ಆಗದು.

ನನ್ನ ಸೋದರಮಾವ ಶಿರಾಡಿ ಘಾಟಿಯಲ್ಲಿ ಹಳೆಯ ಲಾರಿ ಓಡಿಸುತ್ತಿದ್ದರು. ‘ಕಿವಿ ಕೊಟ್ಟು ಕೇಳು ಮಗಾ, ಎಂಜಿನ್ನೇ ಹೇಳುತ್ತೆ’ ಎನ್ನುತ್ತಿದ್ದರು. ಹಳೆಯ ಅಂಬಾಸಿಡರಿನ ಒಂದನೇ ಗೇರ್ ಹಾಕಿದ ಕೈಗೂ ಇದು ಹೊಸದಲ್ಲ.

ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದೀವಿ. ಮೊದಲ ಸಲ ರೋಡಿಗೆ ತೆಗೆದಾಗ ಏನೇನು ನೋಡಬೇಕು?

ಮೊದಲು ಚಕ್ರ ಎತ್ತಿ ನಿಲ್ಲಿಸಿ, ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ತಿರುಗಿಸಿ. ಆಮೇಲೆ ಬೆಳಗಿನ ಜಾವ ಖಾಲಿ ರಸ್ತೆಗೆ ಹೋಗಿ, ಮೊದಲ ಹತ್ತು ಕಿಲೋಮೀಟರ್ ನಿಧಾನ. ನಿಲ್ಲಿಸಿ ಗೇರ್‌ಬಾಕ್ಸಿನ ಮೈ ಮುಟ್ಟಿ ನೋಡಿ. ಇಡೀ ಪೆಟ್ಟಿಗೆ ಬೆಚ್ಚಗಾದರೆ ಸರಿ, ಒಂದೇ ಬೇರಿಂಗಿನ ಜಾಗ ಕೈಯಿಡಲಾಗದಷ್ಟು ಸುಟ್ಟರೆ ವಾಪಸು ಬನ್ನಿ. ಕೆಳಗೆ ಎಣ್ಣೆ ಹನಿಕಿದೆಯೇ ನೋಡಿ.

ನಂತರ ಪ್ರತಿ ಗೇರಿನಲ್ಲೂ ಎರಡು ಬಗೆಯಲ್ಲಿ ಓಡಿಸಿ, ಒಮ್ಮೆ ಎಕ್ಸಲೇಟರ್ ಒತ್ತಿ ಎಳೆಸುತ್ತ, ಒಮ್ಮೆ ಪೂರ್ತಿ ಬಿಟ್ಟು. ಎಕ್ಸಲೇಟರ್ ಬಿಟ್ಟಾಗ ಗೇರ್ ತಾನಾಗಿ ನ್ಯೂಟ್ರಲ್ಲಿಗೆ ಹಾರಿದರೆ, ಗೇರನ್ನು ಹಿಡಿದಿಡುವ ಸ್ಪ್ರಿಂಗ್ ಸತ್ತಿರಬಹುದು, ಹಲ್ಲಿನ ತುದಿ ಸವೆದಿರಬಹುದು, ಶಾಫ್ಟಿನ ಬೇರಿಂಗ್ ಆಡುತ್ತಿರಬಹುದು. ಲೀವರನ್ನು ಕೈಯಲ್ಲಿ ಅದುಮಿ ಹಿಡಿದು ಓಡಿಸುವ ಅಭ್ಯಾಸ ಬೇಡ, ಒಳಗೆ ಗೇರನ್ನು ಸರಿಸುವ ಫೋರ್ಕ್ ಸವೆಯುತ್ತದೆ.

ಒಂದು ಊಳಿಡುವ ಸದ್ದು ಬರ್ತಿದೆ. ಗೇರ್‌ಬಾಕ್ಸಿಂದೋ ಹಿಂದಿನ ಆಕ್ಸಲ್‌ದೋ ಹೇಗೆ ಕಂಡುಹಿಡಿಯೋದು?

ನಿಂತಿರುವಾಗ, ನ್ಯೂಟ್ರಲ್ಲಿನಲ್ಲಿ, ಕ್ಲಚ್ ಬಿಟ್ಟಿದ್ದರೆ ಸದ್ದು ಬಂದು ಕ್ಲಚ್ ಒತ್ತಿದ ತಕ್ಷಣ ನಿಂತರೆ, ಎಂಜಿನ್ ಕಡೆಯ ಶಾಫ್ಟ್ ಅಥವಾ ಲೇ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ. ನೇರ ಗೇರಿನಲ್ಲಿ ಸದ್ದಿಲ್ಲ, ಉಳಿದೆಲ್ಲದರಲ್ಲಿ ಇದೆ ಎಂದರೆ ಲೇ ಶಾಫ್ಟೇ. ಒಂದೇ ಗೇರಿನಲ್ಲಿ ಇದ್ದರೆ ಆ ಜೋಡಿ ಹಲ್ಲು. ಯಾವ ಗೇರಿದ್ದರೂ, ನ್ಯೂಟ್ರಲ್ಲಿನಲ್ಲಿ ಉರುಳಿದರೂ, ಕಾರಿನ ವೇಗ ಏರಿದಂತೆ ಸದ್ದು ಏರಿದರೆ ಗೇರ್‌ಬಾಕ್ಸ್ ಬಿಚ್ಚಬೇಡಿ. ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್, ಚಕ್ರದ ಬೇರಿಂಗುಗಳನ್ನು ನೋಡಿ. ಇಷ್ಟು ತಿಳಿಯದೆ ಒಳ್ಳೆಯ ಪೆಟ್ಟಿಗೆಗಳನ್ನು ಬಿಚ್ಚಿ ಹಾಳು ಮಾಡಿದ್ದನ್ನು ನೋಡಿ ಹೊಟ್ಟೆ ಉರಿದಿದೆ.

ಈಗ ಅಂಗಡಿಲಿ ಸಿಗೋ ಒಳ್ಳೆ ಗೇರ್ ಆಯಿಲ್ ಹಾಕಿದ್ರೆ ಆಗಲ್ವಾ?

ಜಿಎಲ್-5 ಎಂದು ಬರೆದಿದ್ದರೆ ಹಾಕಬೇಡಿ. ಅದರಲ್ಲಿರುವ ಗಂಧಕದ ಅಂಶ ಕಂಚಿನ ಬುಷ್‌ಗಳನ್ನು ತಿನ್ನಬಹುದು, ಹಳೆಯ ಪೆಟ್ಟಿಗೆಗಳಲ್ಲಿ ಕಂಚು ಸಾಕಷ್ಟಿರುತ್ತದೆ. ಗಟ್ಟಿಯಾದ, ಇಂಥ ಸೇರ್ಪಡೆಗಳಿಲ್ಲದ ಖನಿಜ ಎಣ್ಣೆಯೇ ಸರಿ. ತೀರಾ ತೆಳ್ಳಗಿನದನ್ನು ಹಾಕಿದರೆ ಲೇ ಶಾಫ್ಟ್ ಬೇಗ ನಿಧಾನವಾಗದೆ ಗೇರ್ ಬದಲಿಸುವುದು ಕಷ್ಟವಾಗುತ್ತದೆ, ಸೋರಿಕೆಯೂ ಜಾಸ್ತಿ. ಆಕ್ಸಲ್ಲಿನ ಅಗತ್ಯವೇ ಬೇರೆ, ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿಯಬೇಡಿ.

ಸಿಂಕ್ರೋಮೆಶ್ ಇರೋ ಪೆಟ್ಟಿಗೆ ಕೂರಿಸಿಬಿಟ್ರೆ ಈ ಕಷ್ಟವೇ ಇರಲ್ವಲ್ಲ?

ಇರುವುದಿಲ್ಲ. ಗೇರ್ ಸೇರುವ ಮೊದಲೇ ಎರಡೂ ಕಡೆಯ ವೇಗವನ್ನು ತಾನಾಗಿ ಸರಿದೂಗಿಸುವ ಏರ್ಪಾಡು ಅದು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ಅದನ್ನು ತಂದಿತು, 1932ರಲ್ಲಿ ರೋಲ್ಸ್-ರಾಯ್ಸ್ ಕೂಡ ಮೂರನೇ ಮತ್ತು ಟಾಪ್ ಗೇರಿಗೆ ಅಳವಡಿಸಿತು. ಆದರೆ ಸಿಲ್ವರ್ ಘೋಸ್ಟಿನ ಪೆಟ್ಟಿಗೆ ತೆಗೆದು ಬೇರೆಯದನ್ನು ಹಾಕಿದರೆ ಕಾಟ್ಷ್‌ಬರ್ಗ್ ಏರು ಕಲಿಸಿದ್ದನ್ನೇ ಕಾರಿನಿಂದ ಕಿತ್ತ ಹಾಗೆ. ಅದಕ್ಕೆ ನಾನಂತೂ ಕೈಹಾಕುವುದಿಲ್ಲ.

ಇಂಥ ಕಾರನ್ನ ಚಾರ್ಮಾಡಿಯೋ ಆಗುಂಬೆಯೋ ಹತ್ತಿಸಬಹುದಾ, ಇಳಿಸಬಹುದಾ?

ಸ್ಥಿತಿ ಚೆನ್ನಾಗಿದ್ದರೆ ಹತ್ತಿಸಬಹುದು. ಎಂಜಿನ್ ತಿಣುಕುವ ಮೊದಲೇ ಗೇರ್ ಇಳಿಸಿ, ನೀರು ಕುದಿಯುವ ಸೂಚನೆ ಕಂಡರೆ ನೆರಳಲ್ಲಿ ನಿಲ್ಲಿಸಿ, ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಕಷ್ಟ ಇರುವುದು ಇಳಿಯುವಾಗ. ತಿರುವಿನ ನಡುವೆ ಗೇರ್ ಇಳಿಸಲು ಹೋಗಿ ತಪ್ಪಿದರೆ ನ್ಯೂಟ್ರಲ್ಲಿನಲ್ಲಿ ಸಿಕ್ಕಿಕೊಳ್ಳುತ್ತೀರಿ, ವೇಗ ಏರಿದಂತೆ ಗೇರ್ ಸಿಗುವುದು ಇನ್ನೂ ಕಷ್ಟ. ಒಮ್ಮೆ ನಾನೇ ಹೀಗೆ ಎರಡು ತಿರುವು ಬರೀ ಬ್ರೇಕಿನ ಮೇಲೆ ಇಳಿದಿದ್ದೇನೆ, ಡ್ರಮ್ಮುಗಳಿಂದ ಹೊಗೆ ಬಂದಿತ್ತು. ಅವತ್ತಿನಿಂದ ಘಾಟಿಯ ತಲೆಯಲ್ಲೇ ಕಾರು ನಿಲ್ಲಿಸಿ, ಯಾವ ಗೇರಿನಲ್ಲಿ ಹತ್ತಿದ್ದೆನೋ ಅದೇ ಗೇರ್ ಹಾಕಿಕೊಂಡು, ಕೆಳಗಿನ ಚೆಕ್‌ಪೋಸ್ಟ್ ಬರುವವರೆಗೆ ಲೀವರ್ ಮುಟ್ಟುವುದಿಲ್ಲ.